ನೂಲುಮನೆಯ ಏಳು ಮೆಟ್ಟಿಲು

ಬೆನ್ವೆನಿದಾ ಚಿಕ್ಕಮ್ಮ ತನ್ನ ಕೈಯಾರೆ ನಕಲು ಮಾಡಿದ ಪುಸ್ತಕವನ್ನು ಮಂಗಳವಾರ ಬೆಳಿಗ್ಗೆ ರಬ್ಬಿ ಬರ್ಜಿಲಾಯ್ ಬಂದು ನಮ್ಮ ನೂಲುಮನೆಯಿಂದ ತೆಗೆದುಕೊಂಡು ಹೋದರು. ಹೆಂಗಸು ಬರೆದದ್ದು, ಹೆಂಗಸರು ಓದುವಂಥದ್ದಲ್ಲ, ಸವೆದ ಹಾಳೆಗಳ ಜೊತೆ ಮಣ್ಣಿಗೆ ಹೋಗಬೇಕು ಎಂದರು.

ಗುಡ್ಡದ ಮೇಲಿನ ನಮ್ಮ ಸಫೇದ್ ಊರಿನ ಯೆಹೂದಿ ಗಂಡಸರಿಗೆ ಎರಡು ಕೆಲಸ. ಉಣ್ಣೆ ನೇಯುವುದು, ದೇವರ ಗುಟ್ಟು ಹುಡುಕುವುದು. ಉಣ್ಣೆ ನೂಲಿ ಕೊಡುವವರು ನಾವು. ಮಗ್ಗಕ್ಕೆ ನೂಲು ಎಲ್ಲಿಂದ ಬರುತ್ತದೆಂದು ಅವರಿಗೆ ಗೊತ್ತಿತ್ತು, ಗುಟ್ಟಿಗೂ ನೂಲು ಬೇಕಾದೀತೆಂದು ಹೊಳೆದಿರಲಿಲ್ಲ.

ಆ ಪುಸ್ತಕವನ್ನು ಹೇಳಿ ಬರೆಸಿದವನು ಒಬ್ಬ ಮುದುಕ. ಎಲ್ಲಿಂದಲೋ ಬಂದು ಒಂದು ಚಳಿಗಾಲ ನಮ್ಮೂರಲ್ಲಿದ್ದು ತೀರಿಕೊಂಡ. ಬರೆದುಕೊಂಡವನು ಚಿಕ್ಕಮ್ಮನ ಗಂಡ, ಊರಿನ ಲಿಪಿಕಾರ. ಪುಸ್ತಕದಲ್ಲಿ ಏಳು ಮೆಟ್ಟಿಲುಗಳ ಮಾತಿದೆ. ಹತ್ತುವ ಮೆಟ್ಟಿಲಲ್ಲ, ಇಳಿಯುವ ಮೆಟ್ಟಿಲು. ದೇವರ ಬೆಳಕು ಯಾವ ದಾರಿಯಲ್ಲಿ ಇಳಿದು ಈ ಲೋಕಕ್ಕೆ ಬಂತೋ ಅದೇ ದಾರಿಯಲ್ಲಿ ಮನುಷ್ಯನೂ ತನ್ನ ಎತ್ತರದಿಂದ ಇಳಿದು ಬರಬೇಕು ಎನ್ನುತ್ತಾನೆ ಮುದುಕ. ಮೊದಲನೆಯದು ಕರುಣೆ, ಎರಡನೆಯದು ಹಿಡಿತ, ಹೀಗೆ. ಒಂದೊಂದಕ್ಕೂ ದಿನಾ ಮಾಡಬೇಕಾದ ಒಂದು ಕೆಲಸ, ಕಣ್ಣು ಮುಚ್ಚಿ ಕೂತು ನೋಡಬೇಕಾದ ಒಂದು ಬೆಳಕು.

ಮೊದಲ ಪ್ರತಿ ರಬ್ಬಿ ಬರ್ಜಿಲಾಯ್ ನಡೆಸುವ ಹನ್ನೆರಡು ಗಂಡಸರ ಕೂಟಕ್ಕೆ ಹೋಯಿತು. ಎರಡನೆಯದಕ್ಕೆ ಕೂರುವ ಹೊತ್ತಿಗೆ ಲಿಪಿಕಾರನ ಕಣ್ಣು ಮಂಜಾಗಿತ್ತು. ಅವನು ಹೇಳಿದ, ಚಿಕ್ಕಮ್ಮ ಬರೆದಳು. ಅವನಿಂದಲೇ ಕಲಿತ ಅಕ್ಷರ, ಪಡಿಯಚ್ಚು. ಅವನು ಹೋದ ಮೇಲೆ ಆ ಪ್ರತಿ ನೂಲುಮನೆಯ ಗೂಡಿಗೆ ಬಂತು. ಎಂಟು ವರ್ಷ, ಪ್ರತಿ ಬುಧವಾರ, ಅವಳು ಓದಿದಳು, ನಾವು ಆರು ಜನ ಕೇಳಿದೆವು.

ಕೈಯಲ್ಲಿ ತಕಲಿ ಇರುವವಳು ಪುಸ್ತಕ ಹಿಡಿಯಲಾರಳು. ಹಾಗಾಗಿ ಒಂದು ಸಾಲು ಓದಿ ಚಿಕ್ಕಮ್ಮ ನಿಲ್ಲಿಸುತ್ತಿದ್ದಳು. ತಕಲಿ ತಿರುಗಿಸಿ ಬಿಟ್ಟರೆ ಅದು ನೆಲ ಮುಟ್ಟುವಷ್ಟರಲ್ಲಿ ನಾವು ಆ ಸಾಲನ್ನು ಮೂರು ಸಲ ಹೇಳುತ್ತಿದ್ದೆವು. ದೇವರ ಹೆಸರಿನ ನಾಲ್ಕು ಅಕ್ಷರಗಳನ್ನು ಕಣ್ಣೊಳಗೆ ಒಂದೊಂದಾಗಿ ಹೊತ್ತಿಸಿಕೊಳ್ಳಬೇಕು ಎಂದು ಮುದುಕ ಹೇಳಿದ್ದಾನೆ. ಗಂಡಸರು ಅದಕ್ಕಾಗಿ ಗುಡ್ಡಕ್ಕೆ ಹೋಗಿ ಒಬ್ಬೊಬ್ಬರೇ ಕೂರುತ್ತಾರೆ. ನಮಗೆ ಗುಡ್ಡಕ್ಕೆ ಹೋಗಲು ಬಿಡುವಿರಲಿಲ್ಲ. ಒಂದು ಎಳೆಗೆ ಒಂದು ಅಕ್ಷರದಂತೆ ಹೊತ್ತಿಸಿಕೊಂಡೆವು. ನಾಲ್ಕನೇ ಎಳೆಯ ಹೊತ್ತಿಗೆ ಸೊಂಟದ ನೋವು ಮರೆತಿರುತ್ತಿತ್ತು. ಆ ಉಣ್ಣೆಯಲ್ಲಿ ನೇಯ್ದ ಅಂಗಿ ತೊಟ್ಟೇ ಎಷ್ಟೋ ಗಂಡಸರು ಗುಡ್ಡಕ್ಕೆ ಹೋಗಿದ್ದಾರೆ.

ಪುಸ್ತಕವನ್ನು ಕೊಂಡೊಯ್ದ ದಿನ ನಾನು ಕೂಗಾಡಿದೆ. ಚಿಕ್ಕಮ್ಮ ಉಣ್ಣೆ ಹಿಂಜುತ್ತಲೇ ಇದ್ದಳು. ಮಾರನೆಯ ದಿನ ಬುಧವಾರ. ಗೂಡು ಖಾಲಿ. ಅವಳು ನಮ್ಮ ಏಳು ಜನಕ್ಕೆ ಏಳು ಮೆಟ್ಟಿಲು ಹಂಚಿದಳು. ಯಾವುದು ಯಾರ ಬಾಯಲ್ಲಿ ಗಟ್ಟಿಯಾಗಿದೆಯೋ ಅದು ಅವರಿಗೆ. ಕರುಣೆಯನ್ನು ತಾನಿಟ್ಟುಕೊಂಡಳು. ಹಿಡಿತ, ಬ್ರೆಡ್ ಸುಡುವ ಮಸಲ್ತೊಗೆ. ಸೊಬಗು ಮತ್ತು ತಾಳ್ಮೆ ಅಕ್ಕತಂಗಿಯರಿಬ್ಬರಿಗೆ. ಐದನೆಯದು ತಪ್ಪೊಪ್ಪಿಗೆ. ಅದು ಅಗಸಗಿತ್ತಿ ಜಮೀಲಾಳಿಗೆ ಹೋಯಿತು. ತಾನು ತಪ್ಪು ಮಾಡಿದ್ದೇ ಇಲ್ಲ, ತನಗೇಕೆ ಅದು ಎಂದು ಅವಳು ಜಗಳ ತೆಗೆದಳು, ಎಲ್ಲರೂ ನಕ್ಕೆವು. ಆರನೆಯದು ಬೆಸುಗೆ, ಸೂಲಗಿತ್ತಿಗೆ. ಏಳನೆಯದನ್ನು ನನಗೆ ಕೊಟ್ಟು ಚಿಕ್ಕಮ್ಮ ಹೇಳಿದಳು, 'ಪೆರ್ಲಾ, ಇದು ನಿಂದೇ. ಇಟ್ಕೋ.'

ನನ್ನದು ಹೇಗೆಂದು ಹೇಳಬೇಕು. ನನ್ನ ಗಂಡ ಆರು ವರ್ಷದ ಹಿಂದೆ ಬಟ್ಟೆಯ ಮೂಟೆ ಹೇರಿಕೊಂಡು ಅಲೆಕ್ಸಾಂಡ್ರಿಯಾಕ್ಕೆ ಹೋದ. ಸತ್ತನೆನ್ನಲು ಸಾಕ್ಷಿ ಇಲ್ಲ, ಇದ್ದಾನೆನ್ನಲು ಕಾಗದ ಇಲ್ಲ. ನಮ್ಮ ಕಾನೂನಿನಲ್ಲಿ ಇಂಥವಳು ಹೆಂಡತಿಯಾಗಿ ಬಾಳುವಂತಿಲ್ಲ, ವಿಧವೆಯೆಂದು ಬಿಡುಗಡೆಯೂ ಇಲ್ಲ. ಮೂರು ಸಲ ರಬ್ಬಿ ಬರ್ಜಿಲಾಯರ ಮುಂದೆ ಅರ್ಜಿ ಹಿಡಿದು ನಿಂತೆ. ಮೂರು ಸಲವೂ ಅವರು ತಾಳ್ಮೆ ಎಂಬ ನಾಲ್ಕನೇ ಮೆಟ್ಟಿಲನ್ನು ಬೋಧಿಸಿ ಕಳಿಸಿದರು. ಅವರಿಗೆ ಅದು ಬಾಯಿಪಾಠವೆಂದು ಆಗ ಅಂದುಕೊಂಡಿದ್ದೆ.

ಏಳನೇ ಮೆಟ್ಟಿಲು ಶೆಖೀನಾಳದು. ದೇವರು ನಮ್ಮ ನಡುವೆ ಹೆಣ್ಣಾಗಿ ನೆಲೆಸಿದ ರೂಪ ಅವಳು. ನಮ್ಮ ಜನರನ್ನು ಎಲ್ಲಿಗೆ ಅಟ್ಟಿದರೂ ಜೊತೆಗೇ ಅಲೆಯುವವಳು, ತನ್ನವನಿಂದ ಅಗಲಿ ಬಾಗಿಲು ನೋಡುತ್ತಿರುವವಳು. ಪ್ರತಿ ಶುಕ್ರವಾರ ಸಂಜೆ ಗಂಡಸರು ಬಿಳಿ ಬಟ್ಟೆ ಉಟ್ಟು ಊರಾಚೆಯ ಹೊಲಕ್ಕೆ ಹೋಗಿ ಅವಳನ್ನು ಮದುಮಗಳೆಂದು ಹಾಡಿ ಕರೆಯುತ್ತಾರೆ. ಕಣ್ಣೀರು ಹಾಕುವವರೂ ಇದ್ದಾರೆ. ಕರೆದು ಮುಗಿಸಿ ಮನೆಗೆ ಬಂದು, ಊಟ ಏಕೆ ತಡ ಎಂದು ಕೇಳುತ್ತಾರೆ.

ಆ ಮೆಟ್ಟಿಲನ್ನು ಮೊದಲ ಸಲ ಕೇಳಿದ ಬುಧವಾರದಿಂದ ನೂಲುಮನೆಯ ಚಾಪೆಯಲ್ಲಿ ನನ್ನ ಪಕ್ಕ ಒಂದು ಮೊಳ ಜಾಗ ಬಿಟ್ಟು ಕೂರುತ್ತೇನೆ. ಯಾಕೆಂದು ಯಾರೂ ಕೇಳಲಿಲ್ಲ. ಉಣ್ಣೆಯ ಬುಟ್ಟಿಯನ್ನು ಕೂಡ ಯಾರೂ ಅಲ್ಲಿಡುವುದಿಲ್ಲ. ಗಂಡ ಹೋದ ಮೇಲೆ ನನ್ನ ಹೆಸರಲ್ಲಿ ಊರಿನಲ್ಲಿ ಉಳಿದಿದ್ದು ಆ ಒಂದು ಮೊಳ, ಆ ಒಂದು ಮೆಟ್ಟಿಲು.

ದೇವರ ಹೆಸರಿರುವ ಕಾಗದವನ್ನು ನಾವು ಸುಡುವುದಿಲ್ಲ, ಎಸೆಯುವುದಿಲ್ಲ. ಸವೆದ ಪುಸ್ತಕ, ಹರಿದ ಹಾಳೆ ಎಲ್ಲ ಪ್ರಾರ್ಥನಾಮಂದಿರದ ಮೂಲೆಯ ಚೀಲಗಳಲ್ಲಿ ಸೇರುತ್ತವೆ. ಏಳು ವರ್ಷಕ್ಕೊಮ್ಮೆ ಊರಿಗೆ ಊರೇ ಸೇರಿ ಅವನ್ನು ಮೆರವಣಿಗೆಯಲ್ಲಿ ಒಯ್ದು ಸ್ಮಶಾನದ ಇಳಿಜಾರಿನ ಗುಹೆಯಲ್ಲಿ ಮಣ್ಣು ಮಾಡುತ್ತದೆ. ಸಾವಿನ ಮೆರವಣಿಗೆಯಲ್ಲ ಅದು. ಮದುವೆಗಿಂತ ಜೋರು. ಆ ವರ್ಷ ಗುಡಾರದ ಹಬ್ಬ ಮುಗಿದ ಭಾನುವಾರಕ್ಕೆ ಗೊತ್ತಾಗಿತ್ತು.

ಬಿಸಿಲು ಹೊಸದಾಗಿ ತೊಳೆದಂತಿತ್ತು. ಹದಿನಾಲ್ಕು ಚೀಲಗಳನ್ನು ಬಣ್ಣದ ಶಾಲು ಹೊದಿಸಿ ಕತ್ತೆಗಳ ಮೇಲೆ ಹೇರಿದ್ದರು. ಬಾಗಿಲು ಬಾಗಿಲಿನಿಂದ ಗುಲಾಬಿ ನೀರು ಚಿಮುಕಿಸಿದರು. ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿದ ಕಂದು ಮೊಟ್ಟೆಗಳನ್ನು ಮಸಲ್ತೊ ಬುಟ್ಟಿಗಟ್ಟಲೆ ಹಂಚಿದಳು. ಬೆನ್ವೆನಿದಾ ಚಿಕ್ಕಮ್ಮ ಮದುವೆಯ ಕೆಂಪು ಲಂಗ ಉಟ್ಟು, ದಮ್ಮಡಿ ಬಾರಿಸಿ ಎಪ್ಪತ್ತರ ಸೊಂಟ ಕುಣಿಸುತ್ತಾ, ಕತ್ತೆಗಳಿಗಿಂತ ಮುಂದೆ ನಡೆದಳು. ಅವಳ ಪುಸ್ತಕ ಹಿಂದಿನ ಯಾವುದೋ ಚೀಲದಲ್ಲಿತ್ತು. ನನಗೆ ಹೊಟ್ಟೆಯಲ್ಲಿ ಕೆಂಡ. ಹತ್ತಿರ ಹೋಗಿ ಕೇಳಿದೆ.

'ನಿನ್ನ ಪುಸ್ತಕಕ್ಕೆ ಗೋರಿ ತೋಡಿದ್ದಾರೆ ಚಿಕ್ಕಮ್ಮ. ನೀನು ದಮ್ಮಡಿ ಬಾರಿಸ್ಕೊಂಡು ಹೊರಟಿದೀಯ.'

'ಗೋರಿ ಕಾಗದಕ್ಕೆ ಕಣೇ. ಬಾಯಿಗೆ ಗೋರಿ ತೋಡೋ ಗುದ್ದಲಿ ಇವರ ಹತ್ರ ಇಲ್ಲ. ಹಿಡಿ ಇದನ್ನ, ಬಾರಿಸು. ನಂಗೆ ಕೈ ನೋಯ್ತಿದೆ.'

ಬಾರಿಸಿದೆ. ಬಾರಿಸುತ್ತಾ ಬಾರಿಸುತ್ತಾ ಕೆಂಡ ಆರಿತೋ, ಬೇರೆ ಏನೋ ಹೊತ್ತಿಕೊಂಡಿತೋ ಗೊತ್ತಿಲ್ಲ. ಏಳೂ ಜನ ಸಾಲಾಗಿ ಕುಣಿದೆವು. ಇಡೀ ಇಳಿಜಾರು ನಮ್ಮ ಹಾಡಿಗೆ ತಾಳ ಹಾಕಿತು.

ಆ ಖುಷಿಯೇ ರಬ್ಬಿ ಬರ್ಜಿಲಾಯರಿಗೆ ಅನುಮಾನ ತಂದಿತು. ಪುಸ್ತಕ ಕಳೆದುಕೊಂಡವರು ಹೀಗೆ ಕುಣಿಯುತ್ತಾರೆಂದರೆ ರಾತ್ರೋರಾತ್ರಿ ಬಂದು ಅಗೆಯುವ ಲೆಕ್ಕಾಚಾರವಿರಬೇಕು ಎಂದುಕೊಂಡರು. ಗುಹೆಗೆ ಬಂಡೆ ಮುಚ್ಚಿದ ಮೇಲೆ ಅವರು ಎಂದೂ ಇಲ್ಲದ ಒಂದು ಕಟ್ಟಪ್ಪಣೆ ಹೊರಡಿಸಿದರು. ಮುಂದಿನ ಏಳು ವರ್ಷ ಈ ಬಂಡೆ ಸರಿಸಿದವರಿಗೆ ಬಹಿಷ್ಕಾರ. ಗಂಡಸಾಗಲಿ, ಹೆಂಗಸಾಗಲಿ, ಪಂಡಿತನಾಗಲಿ, ಕೊನೆಗೆ ತಾವೇ ಆಗಲಿ. ಟಗರಿನ ಕೊಂಬು ಊದಿಸಿದರು. ನೆರೆದವರೆಲ್ಲ ಆಮೆನ್ ಎಂದರು. ಹನ್ನೆರಡು ಗಂಡಸರ ಆಮೆನ್ ಎಲ್ಲರಿಗಿಂತ ಜೋರಾಗಿತ್ತು.

ಅದಾಗಿ ಎಂಟು ದಿನಕ್ಕೆ, ಸೋಮವಾರ, ಪ್ರಾರ್ಥನಾಮಂದಿರದ ಕಸ ಗುಡಿಸಿ ದೀಪ ನೋಡಿಕೊಳ್ಳುವ ಮೆರ್ಕಾದೊ ಮುದುಕ ನೂಲುಮನೆಯ ಬಾಗಿಲಲ್ಲಿ ಬಂದು ನಿಂತ. ಮುಖ ಒದ್ದೆ ಬಟ್ಟೆಯಂತಿತ್ತು. ಕೂರಲು ಜಾಗ ಹುಡುಕಿ, ನನ್ನ ಪಕ್ಕದ ಖಾಲಿ ಜಾಗಕ್ಕೆ ಬಗ್ಗಿದ.

'ಅಲ್ಲಿ ಜನ ಇದಾರೆ,' ಎಂದಳು ಜಮೀಲಾ. 'ಹೊಸ್ತಿಲ ಮೇಲೆ ಕೂತ್ಕೋ.'

ಮೆರ್ಕಾದೊ ಖಾಲಿ ಜಾಗವನ್ನೊಮ್ಮೆ ನೋಡಿ, ಕ್ಷಮಿಸಬೇಕು ಎಂದು ಅದಕ್ಕೇ ತಲೆಬಾಗಿ, ಹೊಸ್ತಿಲ ಮೇಲೆ ಕೂತ. ಒಂದು ಕಂದು ಮೊಟ್ಟೆ ಕೈಗಿಟ್ಟ ಮೇಲೆ ಬಾಯಿ ಬಿಟ್ಟ.

ನಡೆದದ್ದು ಇಷ್ಟು. ಚಿಕ್ಕಮ್ಮನ ಪ್ರತಿಯಲ್ಲಿ ಎಷ್ಟು ತಪ್ಪಿದೆ ನೋಡೋಣವೆಂದು ರಬ್ಬಿಗಳು ಕೂಟದ ಪ್ರತಿಯನ್ನೂ ತಂದು ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಮೂರು ದಿನ ಓದಿದ್ದರು. ಒಂದು ತಪ್ಪೂ ಸಿಗಲಿಲ್ಲ. ಸಿಗದಿದ್ದರೂ, ಹೇಳಿದ ಮಾತು ಹೇಳಿದ್ದೇ ಎಂದು ಚಿಕ್ಕಮ್ಮನ ಪ್ರತಿಯನ್ನು ತಾವೇ ಎತ್ತಿ ಚೀಲಕ್ಕೆ ಹಾಕಿದರು. ಆಮೇಲೆ ಮೆರ್ಕಾದೊ ಗುಡಿಸಲು ಬಂದ. ಮೇಜಿನ ಮೇಲೆ ಒಂಟಿ ಪುಸ್ತಕ. ಹನ್ನೆರಡು ಗಂಡಸರು ಎಂಟು ವರ್ಷಕ್ಕೂ ಹೆಚ್ಚು ಕೈಯಾಡಿಸಿದ್ದು. ಮೇಣ ಬಿದ್ದಿದೆ, ಅಂಚು ಹರಿದಿದೆ, ಎರಡು ಹಾಳೆ ಹೊಲಿಗೆ ಬಿಟ್ಟಿವೆ. ಸವೆದ ಪುಸ್ತಕ ಕಂಡರೆ ಚೀಲಕ್ಕೆ ಹಾಕುವುದು ಅವನ ಕೆಲಸ. ನಲವತ್ತು ವರ್ಷದಿಂದ ಮಾಡಿದ ಕೆಲಸವನ್ನು ಅವತ್ತೂ ಮಾಡಿದ.

'ಅಂದ್ರೆ ಎರಡೂ ಒಳಗಿವೆ,' ಎಂದಳು ಚಿಕ್ಕಮ್ಮ.

'ಎರಡೂ ಒಳಗೆ. ಮೇಲೆ ಬಂಡೆ. ಬಂಡೆ ಮೇಲೆ ಬಹಿಷ್ಕಾರ. ಕೊಂಬು ಊದಿದೋನೂ ನಾನೇ.'

ಯಾರು ಮೊದಲು ನಕ್ಕರೋ ನೆನಪಿಲ್ಲ. ಸೂಲಗಿತ್ತಿ ನಗುತ್ತಾ ಗೋಡೆಗೆ ಒರಗಿದಳು. ಅಕ್ಕತಂಗಿಯರು ಒಬ್ಬರ ತೊಡೆಯ ಮೇಲೊಬ್ಬರು ಬಿದ್ದರು. ಕೊನೆಗೆ ಮೆರ್ಕಾದೊನೂ ನಕ್ಕ, ಮೊಟ್ಟೆ ಗಂಟಲಿಗೆ ಸಿಕ್ಕಿಕೊಂಡು ಜಮೀಲಾ ಬೆನ್ನಿಗೆ ಗುದ್ದಬೇಕಾಯಿತು.

ಕೂಟದವರಿಗೆ ಇನ್ನೂ ತಿಳಿದಿಲ್ಲ ಎಂದ ಅವನು. ಕಳೆದ ಶುಕ್ರವಾರ ರಬ್ಬಿಗಳು ಇವತ್ತು ಓದು ಬೇಡ, ಮೌನಧ್ಯಾನ ಎಂದುಬಿಟ್ಟರಂತೆ. ಹನ್ನೆರಡು ಜನ ಕಣ್ಣು ಮುಚ್ಚಿ ಕೂತರಂತೆ, ಇಬ್ಬರು ಗೊರಕೆ ಹೊಡೆದರಂತೆ. ಬಹಿಷ್ಕಾರ ಬಿಡಿಸಲು ದಾರಿ ಇಲ್ಲವೆಂದಲ್ಲ. ಮೂರು ಜನರ ಮುಂದೆ ನಿಂತು, ನಾನು ತಿಳಿಯದೆ ತಪ್ಪು ಮಾಡಿದೆ, ತಿಳಿದಿದ್ದರೆ ಈ ಕಟ್ಟು ಹಾಕುತ್ತಿರಲಿಲ್ಲ ಎಂದರೆ ಸಾಕು. ಬಂಡೆ ಸರಿಯುತ್ತದೆ. ಆ ಒಂದು ಮಾತು ರಬ್ಬಿಗಳಿಗೆ ಬಂಡೆಗಿಂತ ಭಾರವಾಗಿತ್ತು. ಪ್ರತಿ ಶುಕ್ರವಾರ ಕೂಟದವರು ವಾರದ ತಪ್ಪುಗಳನ್ನು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿಕೊಳ್ಳುವ ಪದ್ಧತಿಯನ್ನು ಹಾಕಿಕೊಟ್ಟವರೂ ಅವರೇ.

ನಮ್ಮ ಹಾಡಿಕೆ ಮೆರ್ಕಾದೊನ ಕಿವಿಗೆ ಬಿದ್ದಿತ್ತು. ನೂಲುಮನೆಯ ಗೋಡೆ ಪ್ರಾರ್ಥನಾಮಂದಿರದ ಅಂಗಳಕ್ಕೆ ತಾಗಿದೆ. ಪುಸ್ತಕ ಹೋದ ಮೇಲೂ ಬುಧವಾರದ ಓದು ನಿಂತಿಲ್ಲವೆಂದು ಅವನೇ ರಬ್ಬಿಗಳಿಗೆ ಹೇಳಿದ್ದ. ಗಂಡಸರಲ್ಲಿ ಯಾರಿಗೂ ಅದು ಬಾಯಿಪಾಠವಿರಲಿಲ್ಲ. ಈಗ ರಬ್ಬಿಗಳ ಪರವಾಗಿ ಕೇಳಲು ಬಂದಿದ್ದ, ಹೇಳಿ ಬರೆಸುತ್ತೀರಾ ಎಂದು.

ನಾನು ಬೇಡ ಎಂದೆ. ಕಿತ್ತುಕೊಂಡವರಿಗೆ ಮತ್ತೆ ಕೊಡುವುದು ಯಾವ ನ್ಯಾಯ ಎಂದೆ. ಮಸಲ್ತೊ ಕೂಡ ನನ್ನ ಕಡೆ ನಿಂತಳು. ಚಿಕ್ಕಮ್ಮ ತಕಲಿ ಕೆಳಗಿಟ್ಟಳು.

'ಪೆರ್ಲಾ, ಮೊದಲನೇ ಮೆಟ್ಟಿಲಲ್ಲಿ ಏನಿದೆ?'

'ಹಸಿದು ಬಂದವನ ಹೆಸರು ಕೇಳಬೇಡ ಅಂತಿದೆ.'

'ಮತ್ತೆ? ಹಸಿದು ಬಂದಿದಾನೆ.'

ಆಗಲಿ ಎಂದು ತಕಲಿ ಎತ್ತಿಕೊಂಡೆ. ಬಾಯಿಪಾಠದ ತೊಂದರೆಯೇ ಅದು. ಪುಸ್ತಕವಾದರೆ ಮುಚ್ಚಿಡಬಹುದು.

ಮಾರನೆಯ ದಿನ ಬೆಳಿಗ್ಗೆ ರಬ್ಬಿ ಬರ್ಜಿಲಾಯ್ ತಾವೇ ಬಂದರು. ಮೆರ್ಕಾದೊ ಹಿಂದಿನಿಂದ ಕಾಗದ, ಮಸಿ ಕುಡಿಕೆ, ಒಂದು ಪುಟ್ಟ ಮಣೆ ಹೊತ್ತು ತಂದ. ರಬ್ಬಿಗಳದು ಒಣಗಿದ ದೇಹ, ಒಳ್ಳೆಯ ಕಣ್ಣು. ವಾರಕ್ಕೆರಡು ದಿನ ಉಪವಾಸ ಮಾಡುವವರು, ತಮ್ಮ ಪಾಲಿನ ಬ್ರೆಡ್ಡನ್ನು ಬಾಗಿಲಿಗೆ ಬಂದವರಿಗೆ ಕೊಡುವವರು. ಅದನ್ನೂ ಹೇಳಬೇಕು. ಕೆಟ್ಟವರಾಗಿದ್ದರೆ ನನ್ನ ಕಥೆ ಸುಲಭವಾಗುತ್ತಿತ್ತು.

ಹೆಂಗಸರ ಮುಖ ನೋಡಬಾರದೆಂದು ಅವರು ಬಾಗಿಲ ಹೊರಗೆ, ಅಂಗಳಕ್ಕೆ ಮುಖ ಮಾಡಿ ಕೂತರು. ನಾವು ಒಳಗೆ ತಕಲಿ ತಿರುಗಿಸಿದೆವು. ತಕಲಿ ಇಲ್ಲದೆ ನಮಗೆ ಸಾಲು ಬರುವುದಿಲ್ಲ. ಚಿಕ್ಕಮ್ಮ ಮೊದಲ ಮೆಟ್ಟಿಲು ಹೇಳಿದಳು. ಮಸಲ್ತೊ ಎರಡನೆಯದನ್ನು. ಅಂಗಳದಲ್ಲಿ ಲೇಖನಿ ಕಿರುಗುಟ್ಟುವ ಸದ್ದು, ಒಳಗೆ ತಕಲಿ ನೆಲಕ್ಕೆ ತಾಗುವ ಸದ್ದು. ಸ್ವಲ್ಪ ಹೊತ್ತಿಗೆ ಎರಡೂ ಒಂದೇ ತಾಳಕ್ಕೆ ಬಂದವು. ಗಂಡಸಿನ ಕೈ ನಮ್ಮ ತಾಳಕ್ಕೆ ಓಡಿದ್ದು ಅವತ್ತೇ ಮೊದಲು. ಅಕ್ಕತಂಗಿಯರು ತಮ್ಮ ಪಾಲನ್ನು ಹಾಡಿಯೇ ಬಿಟ್ಟರು. ರಬ್ಬಿಗಳು ಬೇಡವೆನ್ನಲಿಲ್ಲ.

ಜಮೀಲಾಳ ಸರದಿ ಬಂತು. ಅವಳು ಗಂಟಲು ಸರಿಮಾಡಿಕೊಂಡು ಅಂಗಳದಾಚೆಗೂ ಕೇಳುವಂತೆ ಹೇಳಿದಳು.

'ತಪ್ಪಾಯಿತು ಎಂಬ ಮಾತು ಬಾಯಿಂದ ಹೊರಬರುವಾಗ ಮನುಷ್ಯನ ಹಣೆಯಲ್ಲಿ ಒಂದು ದೀಪ ಹತ್ತುತ್ತದೆ. ಅದನ್ನು ನುಂಗಿದವನು ದೀಪವನ್ನೇ ನುಂಗಿದ. ಅವನ ಹೊಟ್ಟೆಗೆ ಬೆಳಕಿನಿಂದ ಏನೂ ಉಪಯೋಗವಿಲ್ಲ.'

ಲೇಖನಿ ನಿಂತಿತು.

'ಇನ್ನೊಂದ್ಸಲ ಹೇಳಮ್ಮ,' ಎಂದರು ಹೊರಗಿನಿಂದ.

ಜಮೀಲಾ ಇನ್ನೊಂದು ಸಲ ಹೇಳಿದಳು. ಇನ್ನೂ ಬೇಕಾದರೆ ಮೂರನೆಯ ಸಲವೂ ಹೇಳುತ್ತೇನೆ, ಬಟ್ಟೆ ಒಗೆಯುವವಳಿಗೆ ಕುಕ್ಕಿದ್ದನ್ನೇ ಕುಕ್ಕಿ ಅಭ್ಯಾಸವಿದೆ ಎಂದಳು. ಸಾಕು ಎಂದರು. ಬರೆದುಕೊಂಡರು. ಸೂಲಗಿತ್ತಿಯ ಆರನೆಯದೂ ಮುಗಿಯಿತು.

ಆಮೇಲೆ ನಾನು. ತಕಲಿ ತಿರುಗಿಸಿ ಬಿಟ್ಟೆ. ಪಕ್ಕದ ಒಂದು ಮೊಳ ಜಾಗವನ್ನೊಮ್ಮೆ ಸವರಿದೆ.

'ಅವಳಿಗೆ ಮನೆಯಿಲ್ಲ. ಜನರನ್ನು ಅಟ್ಟಿದ ದಾರಿಯಲ್ಲಿ ಅವಳೂ ಬರಿಗಾಲಲ್ಲಿ ನಡೆದಳು. ನೀನು ಮನೆಯುಳ್ಳವನಾದರೆ ಮನೆಯಿಲ್ಲದವರಿಗೆ ಬಾಗಿಲು ತೆರೆ, ಅವರ ಹಿಂದೆ ಅವಳು ನಿಂತಿದ್ದಾಳೆ. ನಿನಗೇ ಮನೆಯಿಲ್ಲದಿದ್ದರೆ ಹೆದರಬೇಡ, ಅವಳು ಆಗಲೇ ನಿನ್ನ ಪಕ್ಕ ಕೂತಿದ್ದಾಳೆ. ಸ್ವಲ್ಪ ಸರಿದು ಜಾಗ ಮಾಡಿಕೊಡು.'

ಕೊನೆಯ ಸಾಲಿಗೆ ಏಳೂ ಜನರ ದನಿ ಸೇರಿತ್ತು. ಹೊಸ್ತಿಲ ಮೇಲಿದ್ದ ಮೆರ್ಕಾದೊನೂ ತುಟಿ ಆಡಿಸುತ್ತಿದ್ದ. ಎಂಟು ವರ್ಷ ಗೋಡೆಯಾಚೆ ಕಸ ಗುಡಿಸುತ್ತಾ ಅವನಿಗೂ ಬಂದುಬಿಟ್ಟಿತ್ತು. ಗಂಡನಿಲ್ಲದ ಆರು ವರ್ಷದಲ್ಲಿ ಅಷ್ಟು ಖುಷಿ ನನಗಾಗಿರಲಿಲ್ಲ. ನನ್ನ ಮೆಟ್ಟಿಲು ಹಗಲಿನಲ್ಲಿ, ಬಾಗಿಲು ತೆರೆದಿಟ್ಟು, ನ್ಯಾಯ ಹೇಳುವವರ ಕಿವಿಗೆ ಬಿದ್ದಿತ್ತು.

ರಬ್ಬಿಗಳು ಕಾಗದಕ್ಕೆ ಮರಳು ಉದುರಿಸಿ ಮಸಿ ಒಣಗಿಸಿದರು. ಹಾಳೆ ಮಡಿಸಿದರು. ಎದ್ದು ನಿಂತು, ನಮ್ಮ ಕಡೆ ನೋಡದೆಯೇ, ಇನ್ನೊಂದು ಕೆಲಸ ಬಾಕಿ ಇದೆ ಎಂದರು. ಪವಿತ್ರ ಮಾತು ಎರಡು ಕಡೆ ಇರಬಾರದು. ಈಗ ಪುಸ್ತಕ ಆಯಿತು. ಇನ್ನು ನೀವು ಏಳೂ ಜನ ಆಣೆ ಇಡಬೇಕು, ಇದನ್ನು ಬಾಯಲ್ಲಿ ಹೇಳುವುದಿಲ್ಲ, ಮನಸ್ಸಿನಲ್ಲೂ ಇಟ್ಟುಕೊಳ್ಳುವುದಿಲ್ಲ, ಮರೆತುಬಿಡುತ್ತೇವೆ ಎಂದು. ಬುಧವಾರ ನೂಲುವುದಿದ್ದರೆ ನೂಲಿ, ಸುಮ್ಮನೆ ನೂಲಿ.

ಮಸಲ್ತೊಳ ಗಂಡ ಕೂಟದ ಹನ್ನೆರಡರಲ್ಲಿ ಒಬ್ಬ; ಅವಳು ತಲೆ ತಗ್ಗಿಸಿದಳು. ಚಿಕ್ಕಮ್ಮ ನನ್ನನ್ನೇ ನೋಡಿದಳು, ಏನೂ ಹೇಳಿಕೊಡಲಿಲ್ಲ.

ರಬ್ಬಿಗಳು ದನಿ ಮೆತ್ತಗೆ ಮಾಡಿದರು. 'ಪೆರ್ಲಾ, ಏಳನೇದು ನಿನ್ನ ಹತ್ರ ಇದೆ. ನೀನೇ ಮೊದಲು ಆಣೆ ಇಡಮ್ಮ, ಉಳಿದೋರು ನಿನ್ನ ಹಿಂದೆ ಇಡ್ತಾರೆ. ಪಸ್ಕದ ಹಬ್ಬ ಕಳೆದ ಮೇಲೆ ನಿನ್ನ ಅರ್ಜಿ ಮತ್ತೆ ನನ್ನ ಮುಂದೆ ಬರುತ್ತೆ. ಮಾತು ಕೇಳೋ ಹೆಂಗಸು ಅಂತ ನಾನು ಮಿಕ್ಕ ನ್ಯಾಯ ಹೇಳೋರಿಗೆ ತಿಳಿಸ್ಬೇಕು ತಾನೆ.'

ಅರ್ಥವಾಯಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ನನ್ನ ಬಿಡುಗಡೆ, ಇನ್ನೊಂದರಲ್ಲಿ ಚಾಪೆಯ ಒಂದು ಮೊಳ. ಆರು ವರ್ಷದಿಂದ ಆ ಮೊದಲನೆಯದಕ್ಕಾಗಿ ಎಷ್ಟು ಬಾಗಿಲು ಬಡಿದಿದ್ದೇನೆ. ಆದರೆ ಅದನ್ನು ಬಡಿಯುವಷ್ಟು ಕೈಗೆ ಬಲ ಬಂದದ್ದು ಎರಡನೆಯದರಿಂದ. ನಕ್ಕುಬಿಟ್ಟೆ. ಕೊಂಕಿನ ನಗುವಲ್ಲ, ನಿಜವಾಗಿ ನಗು ಬಂತು. ದಮ್ಮಡಿ ಬಾರಿಸುವಾಗ ಬಂದಂಥದ್ದೇ.

ನೂಲು ತಕಲಿಗೆ ಸುತ್ತಿಕೊಂಡೆ, ಎದ್ದು ಬಾಗಿಲು ದಾಟಿ ಅಂಗಳಕ್ಕೆ ಬಂದೆ. ಅವರಿಗೆ ಮುಖ ತಿರುಗಿಸಲು ಹೊತ್ತು ಸಿಗಲಿಲ್ಲ, ಎದುರಿಗೇ ನಿಂತೆ.

'ಗುರುಗಳೇ, ನಾಳೆ ಬುಧವಾರ. ಓದು ಇದೆ. ನಿಮ್ಮ ಹೊಸ ಪುಸ್ತಕ ತನ್ನಿ, ಎಲ್ಲಾದ್ರೂ ತಪ್ಪು ಬರ್ಕೊಂಡಿದ್ರೆ ತಿದ್ದಿ ಕೊಡ್ತೀವಿ. ಅರ್ಜಿ ಪಸ್ಕದ ಮೇಲೂ ಹಾಕ್ತೀನಿ, ಅದರ ಮುಂದಿನ ಪಸ್ಕಕ್ಕೂ ಹಾಕ್ತೀನಿ. ಆಣೆ ಮಾತ್ರ ಇಡೋದಿಲ್ಲ. ಮರೆಯೋದಿಲ್ಲ.'